ತೆರೆದ ಫೋಲ್ಡರಿನ ಟೋಕನ್ ನಂಬರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಪಿ.ಯು., ಡಿಪ್ಲೊಮಾ ಹಾಗೂ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವನು. ಕಂಪ್ಯೂಟರ್ ವಿಷಯ ಮಾತಾಡಲು ನನ್ನನ್ನೇ ಯಾಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಬಿ.ಇ.ಗೂ ಬಿ.ಇಡಿ.ಗೂ ನಡುವೆ ಇರುವುದು ಒಂದೇ ಒಂದು ‘ಡಿ’. ಆ ‘ಡಿ’ಯ ಕಾರಣದಿಂದ ನಾನು ಸಿ ಭಾಷೆಯನ್ನು ಕಾಲೇಜಿನಲ್ಲಿ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ರಾತ್ರಿ ಹೊತ್ತು ಪುಸ್ತಕ ಇಟ್ಟುಕೊಂಡು ಕಲಿತೆ. ಹಾಗೆ ಕಲಿತವನು ಮಾಡುವ ತಪ್ಪುಗಳನ್ನೆಲ್ಲ ಮಾಡಿದ್ದೇನೆ. ಅದರಲ್ಲಿ ಒಂದು ತಪ್ಪು ಈ ಸಂಘದ ಮಕ್ಕಳಿಗೇ ಮುಟ್ಟಿತು. ಇವತ್ತು ಅದನ್ನೇ ಹೇಳುತ್ತೇನೆ.

ಸಂಘಕ್ಕೆ ಬರುವ ವಿದ್ಯಾರ್ಥಿವೇತನದ ಅರ್ಜಿಗಳನ್ನು ಸ್ಕ್ಯಾನ್ ಮಾಡಿ, ಲಿನಕ್ಸ್ ಹಾಕಿದ್ದ ಒಂದು ಹಳೆಯ ಕಂಪ್ಯೂಟರಿನಲ್ಲಿ ಇಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಊರಿಗೊಂದರಂತೆ ಮೂರು ಫೋಲ್ಡರು: ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ. ಒಳಗೆ ಅರ್ಜಿಗಳಿಗೆ 001, 002, 003 ಎಂದು ಹೆಸರು. ವರ್ಷ ಮುಗಿದ ಮೇಲೆ ಹಳೆಯ ನಕಲುಗಳನ್ನು ತೆಗೆದುಹಾಕಲು ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಅದು ಫೋಲ್ಡರನ್ನು ತೆರೆಯುತ್ತದೆ, ಒಳಗಿನ ಹೆಸರುಗಳನ್ನು ಓದಿ ಪರದೆಯ ಮೇಲೆ ತೋರಿಸುತ್ತದೆ, ‘ಇವನ್ನು ಅಳಿಸಲೇ?’ ಎಂದು ಕೇಳಿ ಕಾಯುತ್ತದೆ. ಹೌದು ಎಂದರೆ ಒಂದೊಂದಾಗಿ ಅಳಿಸುತ್ತದೆ.

ಆ ದಿನ ಬ್ಯಾಡಗಿಯ ಪಟ್ಟಿ ಪರದೆಯ ಮೇಲೆ ಬಂತು. ಕೆಲವು ಅರ್ಜಿಗಳನ್ನು ತೆರೆದು ನೋಡಿದೆ, ಎಲ್ಲ ಹೋದ ವರ್ಷದವೇ. ಅಷ್ಟರಲ್ಲಿ ಚಹಾಕ್ಕೆ ಕರೆದರು, ಎದ್ದು ಹೋದೆ. ಆ ಹತ್ತು ನಿಮಿಷದಲ್ಲಿ ಇನ್ನೊಂದು ಮೇಜಿನಿಂದ ನನ್ನ ಸಹೋದ್ಯೋಗಿಯೊಬ್ಬರು ‘ಬ್ಯಾಡಗಿ’ ಫೋಲ್ಡರಿನ ಹೆಸರನ್ನು ‘ಬ್ಯಾಡಗಿ ಹಳೆಯದು’ ಎಂದು ಬದಲಾಯಿಸಿ, ಹೊಸದಾಗಿ ‘ಬ್ಯಾಡಗಿ’ ಎಂಬ ಫೋಲ್ಡರು ಮಾಡಿ, ಆ ವರ್ಷದ ಅರ್ಜಿಗಳನ್ನು 001ರಿಂದ ಜೋಡಿಸಿಟ್ಟರು. ಅವರದೇನೂ ತಪ್ಪಿಲ್ಲ, ಶಿಸ್ತಿನ ಮನುಷ್ಯ. ನಾನು ಬಂದೆ, ಪರದೆ ಮೇಲೆ ಅದೇ ಪಟ್ಟಿ ಕಾಯುತ್ತಿತ್ತು, ‘ಹೌದು’ ಒತ್ತಿದೆ. ಹಳೆಯ ಅರ್ಜಿಗಳು ಹಾಗೇ ಉಳಿದವು. ಹೊಸವು ಹೋದವು.

ಹೆಚ್ಚಿನವುಗಳ ಕಾಗದದ ಮೂಲ ನಮ್ಮ ಬಳಿ ಇತ್ತು, ಮತ್ತೆ ಸ್ಕ್ಯಾನ್ ಮಾಡಿದೆವು. ನಾಲ್ಕು ಅರ್ಜಿಗಳು ಮಾತ್ರ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದಂಥವು, ಕಾಗದ ನಮ್ಮಲ್ಲಿ ಇರಲಿಲ್ಲ. ಕೊನೆಯ ದಿನಾಂಕಕ್ಕೆ ಎರಡು ದಿನ ಉಳಿದಿತ್ತು. ಒಬ್ಬ ಹುಡುಗಿಯ ತಂದೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವವರು. ಅವರು ಒಂದು ದಿನದ ಕೂಲಿ ಬಿಟ್ಟು, ಎಲ್ಲ ಕಾಗದ ಕಟ್ಟಿಕೊಂಡು ಹಾವೇರಿಗೆ ಬಂದು ನನ್ನೆದುರು ನಿಂತರು. ‘ಮಾಸ್ತರ, ಕಂಪ್ಯೂಟರ್‌ದಾಗ ಇಟ್ಟದ್ದು ಹೆಂಗ ಕಳೀತದರೀ?’ ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಲೆಂದು ಕೇಳಿದರು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಪ್ರೋಗ್ರಾಂ ಹಳೆಯ ಫೋಲ್ಡರನ್ನೇ ಓದಿತ್ತು, ಅದನ್ನೇ ನನಗೆ ತೋರಿಸಿತ್ತು. ಹಾಗಿದ್ದೂ ಹೊಸದನ್ನು ಅಳಿಸಿತು.

ಉತ್ತರ ಹೊಲದಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಹೊಲಕ್ಕೆ ಹೆಸರಿರುತ್ತದೆ: ಹುಣಸೆಮರದ ಹೊಲ, ದರ್ಗಾದ ಹೊಲ, ಕೆರೆ ಕೆಳಗಿನ ಹೊಲ. ಹುಣಸೆಮರ ಬಿದ್ದುಹೋಗಿ ಮತ್ತೊಂದು ಹೊಲದಲ್ಲಿ ಹುಣಸೆಗಿಡ ಬೆಳೆದರೆ ಹೆಸರು ಅಲ್ಲಿಗೆ ಹೋಗಿಬಿಡಬಹುದು. ಆದರೆ ಪಹಣಿಯಲ್ಲಿರುವ ಸರ್ವೆ ನಂಬರು ಮರದ ಜೊತೆ ಓಡಾಡುವುದಿಲ್ಲ. ಯುನಿಕ್ಸ್ ಮತ್ತು ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಪ್ರತಿ ಡೈರೆಕ್ಟರಿಗೂ ಇಂಥ ಒಂದು ಸರ್ವೆ ನಂಬರು ಇರುತ್ತದೆ. ಅದಕ್ಕೆ ಐನೋಡ್ ನಂಬರು ಎನ್ನುತ್ತಾರೆ. ಸರ್ವೆ ನಂಬರು 42 ಹಾವೇರಿ ತಾಲೂಕಿನ ಒಂದು ಹಳ್ಳಿಯಲ್ಲೂ ಇರಬಹುದು, ರಾಣೇಬೆನ್ನೂರು ತಾಲೂಕಿನ ಇನ್ನೊಂದು ಹಳ್ಳಿಯಲ್ಲೂ ಇರಬಹುದು, ಆದ್ದರಿಂದ ಹಳ್ಳಿಯ ಹೆಸರೂ ಬೇಕು. ಹಾಗೆಯೇ ಐನೋಡ್ ನಂಬರಿನ ಜೊತೆ ಡಿವೈಸ್ ನಂಬರು ಬೇಕು. ಎರಡೂ ಸೇರಿದರೆ ಗುರುತು ಪಕ್ಕಾ. ಫೋಲ್ಡರಿನ ಹೆಸರು ಎಂದರೆ ಬರಿ ಹುಣಸೆಮರ. (ಉರ್ದು ಮಾಸ್ತರನಾಗಿ ಒಂದು ಮಾತು: ಜಮೀನು, ದಫ್ತರ, ತಹಶೀಲ್ದಾರ ಇವೆಲ್ಲ ಫಾರಸಿಯಿಂದ ಬಂದು ಕನ್ನಡದಲ್ಲಿ ಮನೆ ಮಾಡಿದ ಪದಗಳು. ಕಂಪ್ಯೂಟರಿನ ಪದಗಳೂ ಹಾಗೇ ಬಂದು ನಿಲ್ಲಲಿ, ನನಗೆ ಬೇಸರವಿಲ್ಲ.)

ನನ್ನ ಪ್ರೋಗ್ರಾಂ ಏನು ಮಾಡಿತ್ತು ನೋಡಿ. ಮೊದಲು ‘ಓಪನ್‌ಡಿರ್’ ಎಂಬ ಫಂಕ್ಷನ್ನಿಗೆ ಹೆಸರು ಕೊಟ್ಟೆ. ಅದು ಹೆಸರು ಹಿಡಿದು ಹೋಗಿ, ಆ ಹೊತ್ತಿನಲ್ಲಿ ಆ ಹೆಸರಿದ್ದ ಡೈರೆಕ್ಟರಿಯನ್ನು ತೆರೆಯಿತು. ‘ರೀಡ್‌ಡಿರ್’ ಅಲ್ಲಿಂದ ಪಟ್ಟಿ ತಂದಿತು. ಅಳಿಸುವಾಗ ಮಾತ್ರ ನಾನು ‘ಬ್ಯಾಡಗಿ, ಅದರೊಳಗಿನ 001’ ಎಂದು ಪೂರ್ತಿ ದಾರಿಯನ್ನು ಮತ್ತೆ ಹೆಸರಿನಿಂದಲೇ ಬರೆದೆ. ಯಂತ್ರ ಪಾಪ, ಮೊದಲಿನಿಂದ ಹುಣಸೆಮರ ಹುಡುಕಿಕೊಂಡು ಹೋಯಿತು. ಅಷ್ಟರಲ್ಲಿ ಮರ ಬೇರೆ ಹೊಲದಲ್ಲಿತ್ತು. ನೋಡಿದ ಗಳಿಗೆಗೂ ಮಾಡಿದ ಗಳಿಗೆಗೂ ನಡುವೆ ಲೋಕ ಬದಲಾಗುವ ಈ ತೊಂದರೆಗೆ ಕಂಪ್ಯೂಟರ್ ಶಾಸ್ತ್ರದಲ್ಲಿ ‘ರೇಸ್ ಕಂಡಿಷನ್’ ಎಂದು ಹೆಸರು. ನನ್ನ ಪ್ರಸಂಗದಲ್ಲಿ ಓಟ ನಡೆದದ್ದು ಒಂದು ಕಪ್ ಚಹಾದ ಜೊತೆ.

ಇದಕ್ಕೆ ಪರಿಹಾರ ಟೋಕನ್. ಹಿರಿಯರಿಗೆ ನೆನಪಿರಬಹುದು, ಬ್ಯಾಂಕಿನಲ್ಲಿ ಹಣ ತೆಗೆಯಲು ಹೋದರೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದರು. ಕೌಂಟರಿನಲ್ಲಿ ಹೆಸರು ಕೂಗಿದರೆ ಮೂರು ಜನ ಎದ್ದು ನಿಲ್ಲುತ್ತಾರೆ, ಟೋಕನ್ ನಂಬರು ಕೂಗಿದರೆ ಒಬ್ಬನೇ. ಫೈಲನ್ನು ತೆರೆದಾಗ ಕರ್ನಲ್ ನಮ್ಮ ಪ್ರೋಗ್ರಾಮಿಗೆ ಇಂಥ ಒಂದು ಸಣ್ಣ ಅಂಕಿ ಕೊಡುತ್ತದೆ, 3 ಅಥವಾ 4 ಅಥವಾ 5. (0, 1, 2 ಮೊದಲೇ ಹಂಚಿಹೋಗಿರುತ್ತವೆ: ಕೀಲಿಮಣೆಗೆ, ಪರದೆಗೆ, ದೋಷ ಸಂದೇಶಕ್ಕೆ.) ಇದೇ ಫೈಲ್ ಡಿಸ್ಕ್ರಿಪ್ಟರ್. ಅದು ಆ ಪ್ರೋಗ್ರಾಮಿನ ಒಳಗೆ ಮಾತ್ರ ನಡೆಯುವ ನಾಣ್ಯ. ಒಂದು ಬ್ಯಾಂಕಿನ ಟೋಕನ್ ಎದುರಿನ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಆದರೆ ಒಳಗಿರುವ ತನಕ ಅದು ಹೆಸರನ್ನಲ್ಲ, ಆ ವಸ್ತುವನ್ನೇ ಹಿಡಿದಿರುತ್ತದೆ. ಹೆಸರು ಬದಲಾದರೂ ಟೋಕನ್ ತಪ್ಪುವುದಿಲ್ಲ.

ಓಪನ್‌ಡಿರ್ ಕೂಡ ಒಳಗೊಳಗೆ ಇಂಥ ಟೋಕನ್ ಪಡೆದುಕೊಂಡಿರುತ್ತದೆ. ನಮ್ಮ ಕೈಗೆ ಮಾತ್ರ ಅದು ‘ಡಿರ್’ ಎಂಬ ಮುಚ್ಚಿದ ಡಬ್ಬಿಯನ್ನು ಕೊಡುತ್ತದೆ. ಟೋಕನ್ ಡಬ್ಬಿಯ ಒಳಗಿದೆ. ‘ಒಳಗಿರುವ ನಂಬರು ಹೇಳು’ ಎಂದು ಕೇಳುವ ಫಂಕ್ಷನ್ನೇ ‘ಡಿರ್‌ಎಫ್‌ಡಿ’. ಆ ನಂಬರು ಸಿಕ್ಕರೆ ‘ಅನ್‌ಲಿಂಕ್‌ಅಟ್’ ಎಂಬ ಇನ್ನೊಂದು ಫಂಕ್ಷನ್ನಿಗೆ ‘ಈ ಟೋಕನ್ನಿನ ಡೈರೆಕ್ಟರಿಯಲ್ಲಿರುವ 001ನ್ನು ಅಳಿಸು’ ಎನ್ನಬಹುದು. ಹೊರಗೆ ಯಾರು ಯಾವ ಹೆಸರಿಟ್ಟರೂ ಅದು ನಾವು ಓದಿದ ಡೈರೆಕ್ಟರಿಯಲ್ಲೇ ಕೆಲಸ ಮಾಡುತ್ತದೆ. ಪ್ರೋಗ್ರಾಮಿನಲ್ಲಿ ನಾನು ಬದಲಿಸಿದ್ದು ಎರಡು ಮೂರು ಸಾಲು, ಜೊತೆಗೆ ಕೆಲಸ ಮುಗಿಯುವ ತನಕ ಡಬ್ಬಿ ಮುಚ್ಚದೆ ಇಟ್ಟುಕೊಂಡೆ. ಲಿನಕ್ಸ್‌ನಲ್ಲಿ ಸಮಸ್ಯೆ ಬಗೆಹರಿಯಿತು.

ಆಮೇಲೆ ಅದೇ ಪ್ರೋಗ್ರಾಂ ತೆಗೆದುಕೊಂಡು ರಾಣೇಬೆನ್ನೂರಿಗೆ ಹೋದೆ. ಅಲ್ಲಿ ಗೆಳೆಯರೊಬ್ಬರ ಕಂಪ್ಯೂಟರಿನಲ್ಲಿ ವಿಂಡೋಸ್ ಇತ್ತು, ಮಿನ್‌ಜಿಡಬ್ಲ್ಯೂ ಎಂಬ ಹಳೆಯ ಕಂಪೈಲರ್ ಇತ್ತು. ಕಂಪೈಲ್ ಮಾಡಿದಾಗ ಮೊದಲು ಎಚ್ಚರಿಕೆ ಬಂತು: ಡಿರ್‌ಎಫ್‌ಡಿ ಎಂಬುದು ಘೋಷಣೆ ಆಗಿಲ್ಲ. ನಂತರ ಕೊನೆಯ ಹಂತದಲ್ಲಿ ದೋಷ: ಅಂಥ ಫಂಕ್ಷನ್ ಎಲ್ಲಿಯೂ ಇಲ್ಲ. ವಿದ್ಯಾರ್ಥಿಗಳೇ, ಆ ಮೊದಲಿನ ಎಚ್ಚರಿಕೆಯನ್ನು ನೀವು ಯಾರೂ ಓದುವುದಿಲ್ಲ, ನನಗೆ ಗೊತ್ತು. ಹಳೆಯ ಕಂಪೈಲರುಗಳು ಅದನ್ನು ಬರಿ ಎಚ್ಚರಿಕೆ ಎಂದು ಬಿಟ್ಟುಬಿಡುತ್ತಿದ್ದವು. 2024ರಲ್ಲಿ ಬಂದ ಜಿಸಿಸಿ 14ನೇ ಆವೃತ್ತಿಯಿಂದ ಅದು ದೋಷವೇ ಆಗಿದೆ. ಒಳ್ಳೆಯದೇ ಆಯಿತು.

ಅಲ್ಲಿ ಏಕೆ ಇರಲಿಲ್ಲ? ಡಿರ್‌ಎಫ್‌ಡಿ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನಲ್ಲಿ, 1990ರ 4.3 ಬಿಎಸ್‌ಡಿ ರೀನೊ ಆವೃತ್ತಿಯಲ್ಲಿ. ಪಾಸಿಕ್ಸ್ ಎಂಬ ಸಾಮಾನ್ಯ ಮಾನದಂಡದ ಒಳಗೆ ಸೇರಿದ್ದು 2008ರಲ್ಲಿ. ಅನ್‌ಲಿಂಕ್‌ಅಟ್ ಮತ್ತು ಅದರ ಅಣ್ಣತಮ್ಮಂದಿರು ಲಿನಕ್ಸ್ ಕರ್ನಲ್ಲಿಗೆ ಬಂದದ್ದು 2006ರಲ್ಲಿ, 2.6.16ನೇ ಆವೃತ್ತಿಯಲ್ಲಿ, ಅವೂ 2008ರ ಮಾನದಂಡದಲ್ಲಿ ಜಾಗ ಪಡೆದವು. ನಡುವಿನ ಸುಮಾರು ಹದಿನೆಂಟು ವರ್ಷ ಕೆಲವು ಯಂತ್ರಗಳಲ್ಲಿ ಡಿರ್‌ಎಫ್‌ಡಿ ಇತ್ತು, ಕೆಲವದರಲ್ಲಿ ಇರಲಿಲ್ಲ, ಕೆಲವದರಲ್ಲಿ ಫಂಕ್ಷನ್ನಾಗಿ ಅಲ್ಲದೆ ಮ್ಯಾಕ್ರೊ ಆಗಿ ಇತ್ತು. ವಿಂಡೋಸ್ ಜಗತ್ತೇ ಬೇರೆ. ಅಲ್ಲಿ ಮಿನ್‌ಜಿಡಬ್ಲ್ಯೂನ ಓಪನ್‌ಡಿರ್ ಡೈರೆಕ್ಟರಿಯನ್ನು ಫೈಲಿನಂತೆ ತೆರೆಯುವುದೇ ಇಲ್ಲ, ‘ಹುಡುಕು’ ಎಂಬ ಬೇರೆ ಸೌಲಭ್ಯ ಬಳಸಿ ಹೆಸರುಗಳನ್ನು ತರುತ್ತದೆ. ಡಬ್ಬಿಯಲ್ಲಿ ನಮಗೆ ಬೇಕಾದ ಟೋಕನ್ನೇ ಇಲ್ಲದ ಮೇಲೆ ಯಾವ ನಂಬರು ಹೇಳೀತು?

ಹಾಗಾದರೆ ಎಲ್ಲ ಯಂತ್ರದಲ್ಲೂ ನಡೆಯಬೇಕಾದ ಪ್ರೋಗ್ರಾಂ ಬರೆಯುವವರು ಏನು ಮಾಡಿದರು? ಗ್ನು ಸಂಸ್ಥೆಯ ‘ಗ್ನುಲಿಬ್’ ಎಂಬ ಸಂಗ್ರಹವಿದೆ, ಇಂಥ ಕೊರತೆಗಳನ್ನು ತುಂಬುವ ಸಣ್ಣಸಣ್ಣ ತುಣುಕುಗಳ ಭಂಡಾರ. ಅದರಲ್ಲಿ ಜಿಮ್ ಮೇಯರಿಂಗ್ ಎಂಬವರು 2001ರಲ್ಲಿ ಬರೆದ ಡಿರ್‌ಎಫ್‌ಡಿಯ ಬದಲಿ ಇದೆ. ಬದಲಿ ಫಂಕ್ಷನ್ ನಾಲ್ಕೈದು ಸಾಲಿನದು, ಬುದ್ಧಿಯೆಲ್ಲ ಅದರ ಹಿಂದಿನ ತಪಾಸಣೆಯಲ್ಲಿದೆ. ಪ್ರೋಗ್ರಾಂ ಕಂಪೈಲ್ ಆಗುವ ಮೊದಲೇ ಒಂದು ಸ್ಕ್ರಿಪ್ಟ್ ಆ ಯಂತ್ರವನ್ನು ವಿಚಾರಿಸುತ್ತದೆ. ನಿನ್ನಲ್ಲಿ ಡಿರ್‌ಎಫ್‌ಡಿ ಫಂಕ್ಷನ್ ಇದೆಯೇ? ಮ್ಯಾಕ್ರೊ ಇದೆಯೇ? ಎರಡೂ ಇಲ್ಲದಿದ್ದರೆ ನಿನ್ನ ಡಬ್ಬಿಯ ಮುಚ್ಚಳ ತೆರೆದಿದೆಯೇ, ಒಳಗೆ ‘ಡಿ-ಎಫ್‌ಡಿ’ ಎಂಬ ಖಾನೆ ಇದೆಯೇ, ‘ಡಿಡಿ-ಎಫ್‌ಡಿ’ ಎಂಬ ಖಾನೆ ಇದೆಯೇ? ಹೊಸ ಮಾಸ್ತರು ತರಗತಿಗೆ ಬಂದು ಹಾಜರಿ ಕೂಗಿದ ಹಾಗೆ. ಒಂದೊಂದು ಯುನಿಕ್ಸ್ ಒಂದೊಂದು ಹೆಸರಿಟ್ಟಿತ್ತು, ಆದ್ದರಿಂದ ಒಂದೊಂದನ್ನೂ ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿಯೇ ನೋಡುತ್ತಾರೆ. ಯಾವುದಾದರೂ ಖಾನೆ ಸಿಕ್ಕರೆ ಬದಲಿ ಫಂಕ್ಷನ್ ಅದರೊಳಗಿನ ನಂಬರನ್ನು ಎತ್ತಿ ಕೊಡುತ್ತದೆ.

ಯಾವುದೂ ಸಿಗದಿದ್ದರೆ? ಆಗ ಅದು ಮೈನಸ್ 1 ಎಂದು ಉತ್ತರಿಸಿ, ‘ಇಲ್ಲಿ ಇದಕ್ಕೆ ಬೆಂಬಲವಿಲ್ಲ’ ಎಂಬ ದೋಷ ಸಂಕೇತವನ್ನು ಇಟ್ಟು ಸುಮ್ಮನಾಗುತ್ತದೆ. ಪಾಸಿಕ್ಸ್ ಮಾನದಂಡವೂ ಈ ಉತ್ತರಕ್ಕೆ ಅವಕಾಶ ಕೊಟ್ಟಿದೆ. ಮೊದಲ ಸಲ ಇದನ್ನು ಓದಿದಾಗ ನನಗೆ ನಗು ಬಂತು. ಇಷ್ಟೆಲ್ಲ ತಪಾಸಣೆ ಮಾಡಿ ಕೊನೆಗೆ ‘ಆಗುವುದಿಲ್ಲ’ ಎನ್ನಲು ಇವರೇ ಬೇಕೇ ಎಂದುಕೊಂಡೆ. ನಾನು ಇವರಿಗಿಂತ ಜಾಣ ಎಂದು ನನ್ನದೇ ಬದಲಿ ಬರೆದೆ: ಡಬ್ಬಿಯಿಂದ ನಂಬರು ಸಿಗದಿದ್ದರೆ ಫೋಲ್ಡರಿನ ಹೆಸರು ಕೊಟ್ಟು ಮತ್ತೊಮ್ಮೆ ‘ಓಪನ್’ ಮಾಡು, ಹೊಸ ಟೋಕನ್ ತೆಗೆದುಕೋ, ಅದನ್ನೇ ಡಬ್ಬಿಯ ಟೋಕನ್ ಎಂದು ಕೊಡು.

ನಿಮ್ಮಲ್ಲಿ ಕೆಲವರು ಆಗಲೇ ನಗುತ್ತಿದ್ದೀರಿ. ಹೌದು, ಅದು ಹಳೆಯ ತಪ್ಪೇ, ಹೊಸ ಅಂಗಿ ಹಾಕಿಕೊಂಡು ಬಂದಿತ್ತು. ಎರಡನೇ ಸಲ ಹೆಸರಿನಿಂದ ತೆರೆದಾಗ ಹುಣಸೆಮರ ಎಲ್ಲಿತ್ತೋ ಯಾರು ಬಲ್ಲರು? ಸರ್ವೆ ನಂಬರು ಹೋಲಿಸಿ ನೋಡೋಣವೆಂದರೆ, ಡಬ್ಬಿಯೊಳಗಿನ ಡೈರೆಕ್ಟರಿಯ ಸರ್ವೆ ನಂಬರು ತಿಳಿಯಲು ಅದರ ಟೋಕನ್ ಬೇಕು, ಆ ಟೋಕನ್ನೇ ನಮ್ಮ ಬಳಿ ಇಲ್ಲ. ಇಲಿ ಬೋನಿನಲ್ಲಿ ಸಿಕ್ಕಿ ಸುತ್ತಿದಂತೆ ಎರಡು ರಾತ್ರಿ ಸುತ್ತಿದೆ. ಗ್ನುಲಿಬ್‌ನವರ ‘ಆಗುವುದಿಲ್ಲ’ ಎಂಬ ಉತ್ತರದ ಬೆಲೆ ಆಗ ತಿಳಿಯಿತು. ಸುಳ್ಳು ಟೋಕನ್ ಕೊಟ್ಟಿದ್ದರೆ ಅದನ್ನು ನಂಬಿದವನು ಮತ್ತೆ ಯಾರದೋ ಅರ್ಜಿ ಅಳಿಸುತ್ತಿದ್ದ. ಆಗುವುದಿಲ್ಲ ಎಂದರೆ ಅವನು ಬೇರೆ ದಾರಿ ನೋಡುತ್ತಾನೆ.

ಬೇರೆ ದಾರಿ ಇದೆ, ಕ್ರಮವನ್ನು ತಿರುಗಿಸಬೇಕು ಅಷ್ಟೇ. ಡಬ್ಬಿಯಿಂದ ಟೋಕನ್ ತೆಗೆಯುವ ಬದಲು ಮೊದಲು ಟೋಕನ್ ಪಡೆದು, ಆಮೇಲೆ ಅದರಿಂದ ಡಬ್ಬಿ ಮಾಡಿಸುವುದು. ‘ಎಫ್‌ಡಿಓಪನ್‌ಡಿರ್’ ಎಂಬ ಫಂಕ್ಷನ್ ಇದನ್ನೇ ಮಾಡುತ್ತದೆ. ಆದರೆ ಅದೂ 2008ರ ಮಾನದಂಡದ್ದೇ. ಡಿರ್‌ಎಫ್‌ಡಿ ಇಲ್ಲದ ಕಡೆ ಇದೂ ಇರುವ ಭರವಸೆ ಇಲ್ಲ. ಎಲ್ಲಕ್ಕಿಂತ ಹಳೆಯ ಉಪಾಯ ಇನ್ನೊಂದು: ಡೈರೆಕ್ಟರಿಯ ಒಳಗೇ ಹೋಗಿ ನಿಲ್ಲುವುದು. ‘ಸಿಎಚ್‌ಡಿರ್’ ಮಾಡಿ ಒಳಗೆ ಕಾಲಿಡಿ, ಆಮೇಲೆ ಓಪನ್‌ಡಿರ್‌ಗೆ ಹೆಸರು ಕೊಡಬೇಡಿ, ಒಂದು ಚುಕ್ಕೆ ಕೊಡಿ. ಚುಕ್ಕೆ ಎಂದರೆ ‘ಇಲ್ಲಿ’ ಎಂದರ್ಥ. ಅಳಿಸುವಾಗಲೂ ದಾರಿ ಬರೆಯದೆ ಬರಿ 001 ಎನ್ನಿ. ನೀವು ಹೊಲದಲ್ಲೇ ನಿಂತಿದ್ದೀರಿ, ಹೊಲಕ್ಕೆ ಯಾರು ಏನು ಹೆಸರಿಟ್ಟರೆ ನಿಮಗೇನು? ಟರ್ಬೊ ಸಿ ಕಾಲದ ಯಂತ್ರದಲ್ಲೂ ಸಿಎಚ್‌ಡಿರ್ ಇತ್ತು, ವಿಂಡೋಸ್‌ನಲ್ಲೂ ಇದೆ.

ಇದಕ್ಕೂ ಒಂದು ಬೆಲೆ ಇದೆ. ‘ಇಲ್ಲಿ’ ಎಂಬುದು ಇಡೀ ಪ್ರೋಗ್ರಾಮಿಗೆ ಒಂದೇ. ಒಂದೇ ಪ್ರೋಗ್ರಾಮಿನಲ್ಲಿ ಹಲವು ಥ್ರೆಡ್‌ಗಳು ಏಕಕಾಲಕ್ಕೆ ಕೆಲಸ ಮಾಡುತ್ತಿದ್ದರೆ ಒಬ್ಬ ಜಾಗ ಬದಲಿಸಿದಾಗ ಎಲ್ಲರ ಕಾಲಡಿಯ ನೆಲವೂ ಬದಲಾಗುತ್ತದೆ. ಟೋಕನ್ ಪದ್ಧತಿ ಬೇಕಾದದ್ದಕ್ಕೆ ಇದೂ ಒಂದು ಕಾರಣ. ಮತ್ತೆ, ಒಳಗೆ ಹೋದವನು ಹೊರಗೆ ಬರುವುದು ಹೇಗೆ ಎಂಬ ಪ್ರಶ್ನೆಯೂ ಇದೆ. ‘ಮೇಲಿನ ಡೈರೆಕ್ಟರಿ’ ಎಂಬ ಎರಡು ಚುಕ್ಕೆ ಹಿಡಿದು ಬಂದರಾಯಿತು ಎನ್ನುತ್ತೀರಿ. 2002ರಲ್ಲಿ ಹೀಗೆಯೇ ಒಂದು ದೊಡ್ಡ ಅಪಾಯ ಬೆಳಕಿಗೆ ಬಂತು. ಗ್ನು ಫೈಲ್‌ಯುಟಿಲ್ಸ್ 4.1ರಲ್ಲಿದ್ದ ‘ಆರ್‌ಎಂ’ ಆಜ್ಞೆ ಒಳಡೈರೆಕ್ಟರಿಗಳನ್ನು ಅಳಿಸುತ್ತ ಕೆಳಗೆ ಇಳಿದು, ಎರಡು ಚುಕ್ಕೆ ಹಿಡಿದು ಮೇಲೆ ಬರುತ್ತಿತ್ತು. ಅದು ಕೆಳಗಿದ್ದಾಗ ಯಾರಾದರೂ ಆ ಒಳಡೈರೆಕ್ಟರಿಯನ್ನೇ ಎತ್ತಿ ಮೇಲಿನ ಹಂತದಲ್ಲಿ ಇಟ್ಟರೆ, ಎರಡು ಚುಕ್ಕೆಯ ದಾರಿ ನಿರೀಕ್ಷೆಗಿಂತ ಮೇಲಕ್ಕೆ, ಇಡೀ ಯಂತ್ರದ ಬೇರಿನ ತನಕವೂ ಒಯ್ಯಬಹುದಿತ್ತು. ಆಡಳಿತಗಾರನ ಅಧಿಕಾರದಲ್ಲಿ ಓಡುತ್ತಿದ್ದರೆ ಎಲ್ಲವೂ ಅಳಿಯಬಹುದಿತ್ತು. ಇದು ಹಳೆಯ ಕಥೆ ಎನ್ನಬೇಡಿ. ರಸ್ಟ್ ಎಂಬ ಹೊಸ ಭಾಷೆಯ ಮೂಲ ಲೈಬ್ರರಿಯಲ್ಲಿ ಡೈರೆಕ್ಟರಿ ಅಳಿಸುವ ಫಂಕ್ಷನ್ನಿಗೆ ಇದೇ ಜಾತಿಯ ದೋಷವಿತ್ತು. ಅದನ್ನು 2022ರ ಜನವರಿಯಲ್ಲಿ, 1.58.1 ಆವೃತ್ತಿಯಲ್ಲಿ ಸರಿಪಡಿಸಿದರು. ದೊಡ್ಡವರೂ ಚಹಾ ಕುಡಿಯಲು ಎದ್ದು ಹೋಗುತ್ತಾರೆ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. ಸುರಕ್ಷಿತವಾಗಿ ಹಿಂತಿರುಗಲು, ಯುನಿಕ್ಸ್‌ನಲ್ಲಿ ಹೊರಡುವ ಮೊದಲೇ ಮನೆಯ ಟೋಕನ್ ತೆಗೆದಿಟ್ಟುಕೊಂಡು, ‘ಎಫ್‌ಸಿಎಚ್‌ಡಿರ್’ ಮೂಲಕ ಅದನ್ನು ಹಿಡಿದು ವಾಪಸು ಬರಬೇಕು.

ಟೋಕನ್ ಬಗ್ಗೆ ಇನ್ನೊಂದು ಮಾತು ಉಳಿದಿದೆ, ಇದರಲ್ಲಿ ಡಿಪ್ಲೊಮಾ ಹುಡುಗರು ಎಡವುತ್ತಾರೆ. ಡಿರ್‌ಎಫ್‌ಡಿ ಕೊಟ್ಟ ನಂಬರು ನಿಮ್ಮದಲ್ಲ, ಡಬ್ಬಿಯದು. ಕೆಲಸ ಮುಗಿಯಿತೆಂದು ನೀವು ಅದನ್ನು ‘ಕ್ಲೋಸ್’ ಮಾಡಬಾರದು. ‘ಕ್ಲೋಸ್‌ಡಿರ್’ ತಾನೇ ಮಾಡಿಕೊಳ್ಳುತ್ತದೆ. ನೀವು ಮೊದಲೇ ಮುಚ್ಚಿದರೆ 3ನೇ ಟೋಕನ್ ಖಾಲಿಯಾಗುತ್ತದೆ. ಕರ್ನಲ್ ಯಾವಾಗಲೂ ಖಾಲಿ ಇರುವ ಅತಿ ಸಣ್ಣ ನಂಬರನ್ನೇ ಕೊಡುವುದರಿಂದ, ಮುಂದೆ ತೆರೆದ ಫೈಲಿಗೆ ಅದೇ 3 ಸಿಗುತ್ತದೆ. ಆಮೇಲೆ ಕ್ಲೋಸ್‌ಡಿರ್ ಬಂದು ತನ್ನದೆಂದು ತಿಳಿದು 3ನ್ನು ಮುಚ್ಚುತ್ತದೆ. ಬ್ಯಾಂಕಿನಲ್ಲಿ ನೀವು ಹಿಂತಿರುಗಿಸಿದ ಟೋಕನ್ ಬೇರೊಬ್ಬನ ಕೈಗೆ ಹೋಗಿದೆ, ಈಗ ಯಾರೋ ಬಂದು ಆ ನಂಬರಿನ ವ್ಯವಹಾರ ರದ್ದು ಮಾಡಿದಂತೆ. ಇಂಥ ದೋಷ ಹತ್ತು ಸಲ ಓಡಿಸಿದರೆ ಒಂದು ಸಲ ಕಾಣುತ್ತದೆ, ಅದೂ ಪರೀಕ್ಷಕರ ಎದುರಿನಲ್ಲಿ.

ನನ್ನ ಪ್ರೋಗ್ರಾಂ ಈಗ ಹೀಗಿದೆ. ಡಿರ್‌ಎಫ್‌ಡಿ ಮತ್ತು ಅನ್‌ಲಿಂಕ್‌ಅಟ್ ಇರುವ ಯಂತ್ರದಲ್ಲಿ ಅವನ್ನೇ ಬಳಸುತ್ತದೆ. ಇಲ್ಲದ ಕಡೆ ಒಳಗೆ ಹೋಗಿ ಚುಕ್ಕೆ ತೆರೆಯುತ್ತದೆ, ಮತ್ತು ಒಂದು ಸಲಕ್ಕೆ ಒಂದೇ ಊರಿನ ಫೋಲ್ಡರು ತೆಗೆದುಕೊಳ್ಳುತ್ತದೆ, ಹಿಂತಿರುಗುವ ಪ್ರಶ್ನೆಯೇ ಬರದಂತೆ. ಮೂರು ಊರಿಗೆ ಮೂರು ಸಲ ಓಡಿಸಬೇಕು. ಇದು ನಾಜೂಕಿನ ಪರಿಹಾರವಲ್ಲ, ಇಂಜಿನಿಯರಿಂಗ್‌ನವರು ಇದಕ್ಕಿಂತ ಚೆನ್ನಾಗಿ ಮಾಡಬಲ್ಲಿರಿ, ಮಾಡಿ ತೋರಿಸಿ.

ಹೊಸ ಪ್ರೋಗ್ರಾಂ ಸಿದ್ಧವಾದ ದಿನ ಅದೇ ಸಹೋದ್ಯೋಗಿಯನ್ನು ಕರೆದು ನಕಲಿ ಅರ್ಜಿಗಳ ಮೇಲೆ ಪರೀಕ್ಷೆ ಮಾಡಿದೆವು. ಲಿನಕ್ಸ್‌ನಲ್ಲಿ ಪಟ್ಟಿ ಪರದೆಗೆ ಬಂದು ನಿಂತಾಗ ಅವರು ಹೆಸರು ಬದಲಾಯಿಸಿದರು, ಹೊಸ ‘ಬ್ಯಾಡಗಿ’ ಮಾಡಿ ಫೈಲು ತುಂಬಿದರು. ನಾನು ‘ಹೌದು’ ಒತ್ತಿದೆ. ‘ಬ್ಯಾಡಗಿ ಹಳೆಯದು’ ಖಾಲಿಯಾಯಿತು, ಹೊಸದು ಹಾಗೇ ಇತ್ತು. ಆಮೇಲೆ ರಾಣೇಬೆನ್ನೂರಿನ ವಿಂಡೋಸ್ ಯಂತ್ರದಲ್ಲಿ ಅದೇ ಪರೀಕ್ಷೆ. ಅಲ್ಲಿ ಪ್ರೋಗ್ರಾಂ ಫೋಲ್ಡರಿನ ಒಳಗೆ ನಿಂತಿದ್ದ ಕಾರಣ ವಿಂಡೋಸ್ ಅವರಿಗೆ ಹೆಸರು ಬದಲಾಯಿಸಲು ಬಿಡಲೇ ಇಲ್ಲ; ಫೋಲ್ಡರು ಬಳಕೆಯಲ್ಲಿದೆ ಎಂಬ ಸಂದೇಶ ಬಂತು. ಅವರು ಎರಡು ಮೂರು ಸಲ ಪ್ರಯತ್ನಿಸಿ, ಕುರ್ಚಿಗೆ ಒರಗಿ, ‘ಇದು ಬಿಡಂಗಿಲ್ಲ, ನಡೀರಿ ಚಹಾ ಕುಡಿಯೋಣ’ ಎಂದರು. ಮಕ್ಕಳೇ, ಪ್ರೋಗ್ರಾಮನ್ನು ಹಾಗೇ ಕಾಯಲು ಬಿಟ್ಟು ನಾವಿಬ್ಬರೂ ಹೋದೆವು.